ನಾಲ್ಕನೇ ವೆಡ್ಜ್ ಯಾರ ಉದ್ಧಾರಕ್ಕೆ?

ಗಾಲ್ಫ್ ಚೀಲದಲ್ಲಿ ನಾಲ್ಕು ವೆಡ್ಜ್ ಇರಲೇಬೇಕು, ಒಂದರಿಂದ ಇನ್ನೊಂದಕ್ಕೆ ಸರಿಯಾಗಿ 4 ಡಿಗ್ರಿ ಅಂತರ ಇರಬೇಕು, ಕೊನೆಯದು 60 ಡಿಗ್ರಿಯದೇ ಆಗಬೇಕು. ಬೆಂಗಳೂರು, ಹೈದರಾಬಾದಿನ ಕ್ಲಬ್ಬುಗಳಲ್ಲಿ ಈಗ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. 48, 52, 56, 60 ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಮೊನ್ನೆ ಮೊನ್ನೆ ಆಟ ಕಲಿತವರು, 18 ಗುಳಿಗಳನ್ನು 100 ಹೊಡೆತದೊಳಗೆ ಒಮ್ಮೆಯೂ ಮುಗಿಸದವರು ಕೂಡ ಚೀಲ ಬಿಚ್ಚಿ ಈ ನಾಲ್ಕನ್ನೂ ತೋರಿಸುತ್ತಾರೆ. ವಾರಕ್ಕೊಮ್ಮೆ ಆಡುವ ಸಾಮಾನ್ಯ ಆಟಗಾರನಿಗೆ ಇದರಷ್ಟು ದಂಡದ ಸಲಹೆ ಇನ್ನೊಂದಿಲ್ಲ ಎಂಬುದು ನನ್ನ ವಾದ. ಅವನಿಗೆ ಎರಡು ವೆಡ್ಜ್ ಕೊಳ್ಳುವ ಕಾರಣವಿದೆ. ಮೂರನೆಯದಕ್ಕೆ ಕಾರಣವಿಲ್ಲ. 60 ಡಿಗ್ರಿಯದಂತೂ ಅವನ ಕೈಗೆ ಸಿಕ್ಕಷ್ಟೂ ಕೇಡು.

'ಇದು ನಮಗ್ಯಾಕ್ರಿ?' ಎಂದು ಕಲಬುರಗಿ ಕಡೆಯ ಓದುಗರು ಕೇಳಬಹುದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಗಾಲ್ಫ್ ಕೋರ್ಸ್ ಎಲ್ಲಿದೆ? ಇಲ್ಲ, ನಿಜ. ಆದರೆ ಅಲ್ಲಿಯ ಹುಡುಗರು ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ, 220 ಕಿಲೋಮೀಟರು ಆಚೆಯ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ, ನಲವತ್ತರ ಹೊತ್ತಿಗೆ ಮೇಲಧಿಕಾರಿಗಳ ಜೊತೆ ಈ ಆಟಕ್ಕೆ ಇಳಿಯುತ್ತಿದ್ದಾರೆ. ಗೋಲ್ಕೊಂಡ ಕೋಟೆಯ ನಯಾ ಕಿಲಾ ಒಳಗಿನ ಕೋರ್ಸಿನಲ್ಲಿ 'ಹೊಡಿಯೋ ಮಾರಾಯಾ' ಎಂಬ ಮಾತು ಕಿವಿಗೆ ಬಿದ್ದರೆ ತಿರುಗಿ ನೋಡಿ, ಭೀಮಾ ದಂಡೆಯವನೇ ಇದ್ದಾನು. ಒಂದು ಒಳ್ಳೆಯ ವೆಡ್ಜಿಗೆ 15 ಸಾವಿರ ರೂಪಾಯಿಗೂ ಮೇಲೆ ಬೆಲೆಯಿದೆ. 2025-26ರಲ್ಲಿ ತೊಗರಿಗೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ಒಂದು ವೆಡ್ಜಿಗೆ ಎರಡು ಕ್ವಿಂಟಲ್ ತೊಗರಿ. ಆ ಲೆಕ್ಕ ಗೊತ್ತಿದ್ದವರಾದರೂ ಅಂಗಡಿಯವನ ಮಾತಿಗೆ ತಲೆದೂಗುವ ಮೊದಲು ಒಂದು ಪ್ರಶ್ನೆ ಕೇಳಬೇಡವೇ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದನ್ನು ಲಾಫ್ಟ್ ಎನ್ನುತ್ತಾರೆ. ವಾಲಿದಷ್ಟೂ ಚೆಂಡು ಎತ್ತರಕ್ಕೆ ಏರಿ ಹತ್ತಿರ ಬೀಳುತ್ತದೆ. ಹೆಚ್ಚು ವಾಲಿದ, ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆಯ ಅಂಗಳ) ಹತ್ತಿರ ಬಂದಾಗ ಬಳಸುವ ಕ್ಲಬ್ಬುಗಳೇ ವೆಡ್ಜ್: ಪಿಚಿಂಗ್, ಗ್ಯಾಪ್, ಸ್ಯಾಂಡ್, ಲಾಬ್. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇಡುವಂತಿಲ್ಲ. ಈ ಮಿತಿಯನ್ನು ಅಮೆರಿಕದ ಗಾಲ್ಫ್ ಸಂಸ್ಥೆ 1938ರಲ್ಲಿ, ಸೇಂಟ್ ಆಂಡ್ರ್ಯೂಸಿನ ಆರ್ ಅಂಡ್ ಎ 1939ರಲ್ಲಿ ಜಾರಿಗೆ ತಂದವು. ಅದಕ್ಕೂ ಮುಂಚೆ ಇಪ್ಪತ್ತೈದರ ಮೇಲೆ ಕ್ಲಬ್ ತುಂಬಿಸಿ ಕ್ಯಾಡಿಯ ಬೆನ್ನು ಮುರಿಸುತ್ತಿದ್ದವರಿದ್ದರು. ಬರಿ ಏಳು ಕ್ಲಬ್ಬಿನಲ್ಲಿ 1916ರ ಯು.ಎಸ್. ಓಪನ್ ಗೆದ್ದ ಚಿಕ್ ಇವಾನ್ಸ್‌ನಂಥವರೂ ಇದ್ದರು. ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ಇಯಾನ್ ವೂಸ್ನಮ್ ಎಂಬ ಆಟಗಾರನನ್ನು ಕೇಳಿದರೆ ಹೇಳಿಯಾನು. 2001ರ ಬ್ರಿಟಿಷ್ ಓಪನ್, ರಾಯಲ್ ಲಿಥಮ್, ಕೊನೆಯ ದಿನ. ಮೊದಲ ಗುಳಿಯಲ್ಲಿ ಬರ್ಡಿ (ನಿಗದಿಯಾದ ಪಾರ್ ಲೆಕ್ಕಕ್ಕಿಂತ ಒಂದು ಹೊಡೆತ ಕಡಿಮೆ) ಹೊಡೆದು, ಎರಡನೆಯ ಗುಳಿಗೆ ನಿಂತಾಗ ಚೀಲದಲ್ಲಿ ಎರಡು ಡ್ರೈವರ್ ಇರುವುದು, ಒಟ್ಟು 15 ಆಗಿರುವುದು ತಿಳಿಯಿತು. ಎರಡು ಹೊಡೆತದ ದಂಡ. ಗೆಲ್ಲಬಹುದಾಗಿದ್ದ ಆಟ ಮೂರನೇ ಸ್ಥಾನದ ಹಂಚಿಕೆಯಲ್ಲಿ ಮುಗಿಯಿತು.

ಹಾಗಾಗಿ ಒಂದು ವೆಡ್ಜ್ ಒಳಗೆ ಬಂದರೆ ಇನ್ನೊಂದು ಕ್ಲಬ್ ಹೊರಗೆ ಹೋಗಲೇಬೇಕು. ನಾಲ್ಕು ವೆಡ್ಜ್ ಪಕ್ಷದವರು ಬಾಯಿ ಬಿಡದ ಸಂಗತಿ ಇದು. ಏನು ಬರುತ್ತದೆ ಎಂದು ಹೇಳುತ್ತಾರೆ, ಏನು ಹೋಗುತ್ತದೆ ಎಂದು ಹೇಳುವುದಿಲ್ಲ.

ಮೊದಲು ಅವರ ಗಟ್ಟಿ ವಾದವನ್ನೇ ತೆಗೆದುಕೊಳ್ಳೋಣ. 'ಈಗಿನ ಸೆಟ್ಟಿನಲ್ಲಿ ಬರುವ ಪಿಚಿಂಗ್ ವೆಡ್ಜ್ 43, 44 ಡಿಗ್ರಿ. ಸ್ಯಾಂಡ್ ವೆಡ್ಜ್ 56. ನಡುವೆ 12 ಡಿಗ್ರಿಯ ಬಯಲು ಬಿದ್ದಿದೆ. ಅದನ್ನು ತುಂಬಬೇಡವೇ?' ತುಂಬಬೇಕು, ಒಪ್ಪುತ್ತೇನೆ. ಆದರೆ ಈ ಬಯಲು ಬಿದ್ದದ್ದು ಹೇಗೆ? ಐವತ್ತು ವರ್ಷದ ಹಿಂದೆ ಪಿಚಿಂಗ್ ವೆಡ್ಜ್ 50 ಡಿಗ್ರಿಯ ಆಸುಪಾಸಿನಲ್ಲಿತ್ತು, 7ನೇ ಐರನ್ 35ರ ಮೇಲಿತ್ತು. ಇಂದು ಹೊಸಬರಿಗೆಂದು ಮಾರುವ ಸೆಟ್ಟುಗಳಲ್ಲಿ 7ನೇ ಐರನ್ 28, 29ಕ್ಕೆ ಇಳಿದಿದೆ. ಅಂಗಡಿಯ ಪರದೆಯ ಮುಂದೆ ನಿಂತು ಹೊಡೆದಾಗ 'ನನ್ನ ಹಳೆಯ 7ಕ್ಕಿಂತ ಇದು 15 ಗಜ ದೂರ ಹೋಯಿತು' ಎಂದು ಗಿರಾಕಿ ಹಿಗ್ಗಲಿ ಎಂಬುದು ಲೆಕ್ಕ. ಹಳೆಯ 5ನೇ ಐರನ್ನಿಗೆ 7 ಎಂದು ಮುದ್ರೆ ಒತ್ತಿದರೆ ದೂರ ಹೋಗದೆ ಇನ್ನೇನು? ತಲೆಯ ಭಾರವನ್ನು ಕೆಳಕ್ಕೆ ತಂದಿದ್ದೇವೆ, ಲಾಫ್ಟ್ ಇಳಿಸಿದರೂ ಚೆಂಡು ಏರುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಅದು ಸುಳ್ಳಲ್ಲ. ಆದರೂ ಸೆಟ್ಟಿನ ಕೆಳತುದಿಯಲ್ಲಿ ತಾವೇ ತೋಡಿದ ಗುಂಡಿಯನ್ನು ಮುಚ್ಚಲು ತಾವೇ ಮಣ್ಣು ಮಾರುತ್ತಿರುವುದೂ ಸುಳ್ಳಲ್ಲ. ಗ್ಯಾಪ್ ವೆಡ್ಜ್ ಕೊಳ್ಳಿ. 49 ಅಥವಾ 50 ಡಿಗ್ರಿಯದು ಒಂದು, 55 ಅಥವಾ 56ರದು ಒಂದು. ಗುಂಡಿ ಅಲ್ಲಿಗೆ ಮುಚ್ಚಿತು.

ಇನ್ನು ಸಮಾನ ಅಂತರದ ಮಂತ್ರ. ನಾಲ್ಕು ಡಿಗ್ರಿಗೊಂದು ವೆಡ್ಜ್ ಇಟ್ಟರೆ ದೂರವೂ ಸಮನಾಗಿ ಹಂಚಿಕೆಯಾಗುತ್ತದೆ ಎಂಬ ನಂಬಿಕೆ ಕಾಗದದ ಮೇಲೆ ಚೆಂದ. ಪ್ರತಿ ಸಲವೂ ಪೂರ್ತಿ ಬೀಸಿ, ಪ್ರತಿ ಸಲವೂ ಮುಖದ ನಟ್ಟನಡುವೆ ಚೆಂಡು ತಾಗಿಸುವವನಿಗೆ ಅದು ನಿಜವೂ ಹೌದು. ಆದರೆ ವೆಡ್ಜನ್ನು ನಾವು ಬಳಸುವ ಹೊತ್ತಿನಲ್ಲಿ ಬಹುಪಾಲು ಪೂರ್ತಿ ಬೀಸುವುದೇ ಇಲ್ಲ. ಗುಳಿ 30 ಗಜ ಇದ್ದಾಗ, 45 ಗಜ ಇದ್ದಾಗ ಬೇಕಾಗುವುದು ಅರ್ಧ ಬೀಸು, ಮುಕ್ಕಾಲು ಬೀಸು. ವೆಡ್ಜಿನ ವಿದ್ಯೆಯನ್ನು ಶಾಸ್ತ್ರವಾಗಿಸಿದ ಡೇವ್ ಪೆಲ್ಜ್ ಕಲಿಸಿದ್ದೂ ಇದನ್ನೇ. ಎಡಗೈಯನ್ನು ಗಡಿಯಾರದ ಮುಳ್ಳೆಂದು ಎಣಿಸಿ, ಏಳೂವರೆ, ಒಂಬತ್ತು, ಹತ್ತೂವರೆ ಗಂಟೆಗಳಿಗೆ ನಿಲ್ಲಿಸಿ ಹೊಡೆಯಿರಿ ಎಂದ. ಎರಡು ವೆಡ್ಜ್, ಮೂರು ಬೀಸು: ಆರು ದೂರಗಳು ಕೈಗೆ ಬಂದವು. ನಾಲ್ಕು ವೆಡ್ಜ್ ಇಟ್ಟರೆ ಹನ್ನೆರಡು. ವಾರಕ್ಕೊಂದು ಬೆಳಿಗ್ಗೆ ಆಡುವವನು ಹನ್ನೆರಡು ದೂರಗಳನ್ನು ಮೈಗೂಡಿಸಿಕೊಳ್ಳುವುದು ಯಾವ ಜನ್ಮದಲ್ಲಿ? ಆರನ್ನು ಅರಗಿಸಿಕೊಂಡರೆ ಅವನ ಪುಣ್ಯ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅಂಗಡಿಯಲ್ಲಿ ವೆಡ್ಜ್ ಕೇಳುವವರು ಲಾಫ್ಟ್ ಎಷ್ಟು ಎಂದು ಕೇಳುತ್ತಾರೆ. ಅದರ ಪಕ್ಕದಲ್ಲೇ ಕೆತ್ತಿರುವ ಇನ್ನೊಂದು ಅಂಕಿಯನ್ನು ಓದುವುದಿಲ್ಲ. 56 ಎಂದಿರುವ ಕಡೆಯೇ 8, 10, 12, 14 ಎಂದು ಏನೋ ಒಂದು ಇರುತ್ತದೆ. ಅದು ಬೌನ್ಸ್. ಕ್ಲಬ್ಬಿನ ತಳ ಮುಂದಿನ ಅಂಚಿಗಿಂತ ಹಿಂಬದಿಯಲ್ಲಿ ಎಷ್ಟು ಕೆಳಕ್ಕೆ ಉಬ್ಬಿದೆ ಎಂಬ ಕೋನ ಅದು. ತಳ ಉಬ್ಬಿದ್ದರೆ ಕ್ಲಬ್ ನೆಲಕ್ಕೆ ಕಚ್ಚದೆ ಜಾರುತ್ತದೆ, ಚಪ್ಪಟೆ ಇದ್ದರೆ ಕಚ್ಚುತ್ತದೆ. ವೆಡ್ಜಿನ ಪ್ರಾಣ ಇರುವುದು ಇಲ್ಲಿ.

ಜೇವರ್ಗಿ ಕಡೆಯ ನಮ್ಮ ಕಾಕಾ ಜನ್ಮದಲ್ಲಿ ಗಾಲ್ಫ್ ನೋಡಿದವರಲ್ಲ. ಕಾರಿನ ಡಿಕ್ಕಿಯಲ್ಲಿದ್ದ ಚೀಲದಿಂದ ಒಂದು ಸ್ಯಾಂಡ್ ವೆಡ್ಜ್ ಎಳೆದು, ತಲೆಕೆಳಗೆ ಮಾಡಿ, ತಳವನ್ನು ಹೆಬ್ಬೆರಳಿನಿಂದ ಮುಂದಿನ ಅಂಚಿನಿಂದ ಹಿಂದಕ್ಕೆ ಒಮ್ಮೆ ಸವರಿದರು. "ಇದರ ಹೊಟ್ಟಿ ಯಾಕ ಉಬ್ಬ್ಯಾದ ತಮ್ಮಾ?" ಎಂದರು. ಮಣ್ಣಿನೊಳಗೆ ಹೂಳದಿರಲಿ ಅಂತ, ಕಾಕಾ ಎಂದೆ. "ಹಂಗಾದ್ರ ಬಿರುಸು ನೆಲಕ್ಕ ಬ್ಯಾರೆ, ಹಸಿ ನೆಲಕ್ಕ ಬ್ಯಾರೆ ಇರಬೇಕಲ್ಲ?" ಎಂದು ಕೇಳಿ ಕ್ಲಬ್ ವಾಪಸು ಇಟ್ಟರು. ಹೊಳೆಯುವ ಮುಖವನ್ನಾಗಲಿ ಅದರ ಗೀರುಗಳನ್ನಾಗಲಿ ಅವರು ಕಣ್ಣೆತ್ತಿ ನೋಡಲಿಲ್ಲ. ಎರಿ ಹೊಲದಲ್ಲಿ ಕುಂಟಿ ಹೊಡೆದವರಿಗೆ ಇದು ಕಲಿಸಿ ಬರಬೇಕಾದ ಪಾಠವಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟ ನೆಲ ಮಳೆ ಬಿದ್ದ ಮೇಲೆ ಕಾಲಿಗೆ ಮೆತ್ತಿ ಮೇಲೇಳಗೊಡುವುದಿಲ್ಲ. ಕುಡದ ಬಾಗು ತುಸು ಹೆಚ್ಚಾದರೆ ಮಣ್ಣಿಗೆ ಕಚ್ಚಿಕೊಂಡು ಎತ್ತು ನಿಲ್ಲುತ್ತವೆ, ಕಡಿಮೆಯಾದರೆ ಕುಂಟಿ ಮೇಲೆ ಮೇಲೆ ತೇಲಿ ಕಸ ಹಾಗೇ ಉಳಿಯುತ್ತದೆ. ಅದಕ್ಕೇ ನೆಲದ ಹದ ನೋಡಿ ಬೆಣೆ ಬಡಿದು ಬಾಗು ಹೊಂದಿಸುತ್ತಾರೆ, ಆಮೇಲೆ ಎತ್ತು ಹೂಡುತ್ತಾರೆ. ಕುಂಟಿಯ ಕುಡ ಯಾವ ಹದಕ್ಕೆ ಎಂದು ಕೇಳುವ ಮನೆತನದ ಹುಡುಗ ಗೋಲ್ಕೊಂಡದ ಬಂಡೆ ನೆಲದ ಮೇಲೆ ಆಡಲು ಹೊರಟಾಗ '60 ಕೊಡಿ' ಎನ್ನುತ್ತಾನಲ್ಲ, ಇದಕ್ಕೇನು ಹೇಳೋಣ?

ನಮ್ಮ ನೆಲಗಳೇನು ಒಂದೇ ತೆರನಾಗಿವೆಯೇ? ಕೊಡಗಿನ ಬಿಟ್ಟಂಗಾಲದ ಕೋರ್ಸಿನಲ್ಲಿ ಮಳೆಗಾಲದ ಹುಲ್ಲು ಬೂಟು ಮುಳುಗಿಸುತ್ತದೆ. 1876ರಷ್ಟು ಹಳೆಯದಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಕೆಮ್ಮಣ್ಣು ಆಗಸ್ಟಿನಲ್ಲಿ ಒಂದು ಥರ, ಮಾರ್ಚಿನಲ್ಲಿ ಇನ್ನೊಂದು ಥರ. ಮೈಸೂರಿನ ಜಯಚಾಮರಾಜ ಒಡೆಯರ್ ಕ್ಲಬ್ಬಿನದು ಕುದುರೆ ಓಟದ ಮೈದಾನದೊಳಗಿನ ಬಯಲು. ಹೈದರಾಬಾದಿನ ಬೋಲ್ಡರ್ ಹಿಲ್ಸ್, ಹೆಸರೇ ಹೇಳುವಂತೆ, ಬಂಡೆಗಳ ನಡುವಿನದು. ಇಷ್ಟಕ್ಕೂ ಒಂದೇ ನಾಲ್ಕಂಕಿಯ ಸೂತ್ರ ಕೊಡುವವರು ನೆಲವನ್ನು ನೋಡಿಯೇ ಇಲ್ಲ.

ನೆಲದ ಜೊತೆಗೆ ಕೈಯನ್ನೂ ನೋಡಬೇಕು. 56 ಲಾಫ್ಟ್, 10 ಬೌನ್ಸಿನ ವೆಡ್ಜ್ ಹಿಡಿದು, ಚೆಂಡಿಗೆ ತಾಗುವಾಗ ಹಿಡಿಯನ್ನು ಗುರಿಯ ಕಡೆಗೆ 6 ಡಿಗ್ರಿ ಬಾಗಿಸಿದಿರಿ ಎನ್ನಿ. ಆ ಗಳಿಗೆಯಲ್ಲಿ ಅದು 50 ಡಿಗ್ರಿಯ ಕ್ಲಬ್, ಉಳಿದ ಬೌನ್ಸ್ ಬರಿ 4. ಜಾರಬೇಕಾದ ತಳ ಮಾಯ, ಅಂಚು ಸೀದಾ ಮಣ್ಣಿಗೆ. ಕೆತ್ತಿದ ಅಂಕಿ ಕ್ಲಬ್ಬಿನದು, ನಿಜವಾದ ಅಂಕಿ ನಿಮ್ಮ ಮಣಿಕಟ್ಟಿನದು. ಮೇಲಿಂದ ಕಡಿಯುವ ಅಭ್ಯಾಸದವರಿಗೆ 12ರ ಮೇಲಿನ ಬೌನ್ಸ್ ಬೇಕು, ನೆಲ ಗಟ್ಟಿ ಇದ್ದರೂ. ಹುಲ್ಲು ಸವರಿದಂತೆ ಹೊಡೆಯುವವರಿಗೆ 8 ಸಾಕು. ಕಬ್ಬಿನ ಗದ್ದೆ ಕಂಡು ಬೆಳೆದ ನಮ್ಮ ಅಫಜಲಪುರದ ಗೆಳೆಯರು ಬಹುತೇಕ ಮೊದಲ ಜಾತಿ, ಈ ಮಾತಿಗೆ ಅವರು ಸಿಟ್ಟಾಗುವುದಿಲ್ಲವೆಂದು ನಂಬಿದ್ದೇನೆ. ತಮ್ಮ ಬೀಸು ಯಾವ ಜಾತಿಯದೆಂದು ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೆ ಹತ್ತು ನಿಮಿಷ ಬೇಕು. ಅದನ್ನು ಬಿಟ್ಟು ನಾಲ್ಕು ವೆಡ್ಜುಗಳಿಗೆ 60 ಸಾವಿರ ಸುರಿಯುತ್ತಾರೆ.

ಚರಿತ್ರೆಯೂ ನನ್ನ ಕಡೆಗಿದೆ. ಬಂಕರ್ ಎಂಬ ಮರಳಿನ ಗುಂಡಿಯಿಂದ ಚೆಂಡು ತೆಗೆಯುವುದು ದೊಡ್ಡ ದೊಡ್ಡವರಿಗೂ ಕಂಟಕವಾಗಿದ್ದ ಕಾಲದಲ್ಲಿ ಜೀನ್ ಸರಾಜನ್ ಎಂಬ ಆಟಗಾರ ಹೆಚ್ಚು ವಾಲಿದ ಕ್ಲಬ್ ಹುಡುಕಿಕೊಂಡು ಹೋಗಲಿಲ್ಲ. ಹೋವರ್ಡ್ ಹ್ಯೂಸ್ ಜೊತೆ ವಿಮಾನ ಹಾರಿಸಲು ಕಲಿಯುವಾಗ, ಬಾಲದ ರೆಕ್ಕೆ ಕೆಳಗಾದರೆ ಮೂತಿ ಮೇಲಕ್ಕೇಳುವುದನ್ನು ಕಂಡು ಹೊಳೆಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ತನ್ನ ಹಳೆಯ ನಿಬ್ಲಿಕ್‌ನ ತಳಕ್ಕೆ ಬೆಸುಗೆಯ ಲೋಹ ಸುರಿದು, ಅರದಿಂದ ಉಜ್ಜಿ, ಹೊಟ್ಟೆ ಬರಿಸಿದ. ಆ ಕ್ಲಬ್ಬಿನಲ್ಲಿ 1932ರ ಬ್ರಿಟಿಷ್ ಓಪನ್ ಗೆದ್ದ. ಯಾರಾದರೂ ನೋಡಿ ತಕರಾರು ತೆಗೆದಾರೆಂದು ಚೀಲದಲ್ಲಿ ತಲೆಕೆಳಗಾಗಿ ಇಟ್ಟು ಬಚ್ಚಿಡುತ್ತಿದ್ದನಂತೆ. ಸ್ಯಾಂಡ್ ವೆಡ್ಜ್ ಹುಟ್ಟಿದ್ದು ಹಾಗೆ, ತಳದಿಂದ.

60 ಡಿಗ್ರಿಯ ಲಾಬ್ ವೆಡ್ಜ್ ಜನಪ್ರಿಯವಾದದ್ದು 1980ರ ದಶಕದಲ್ಲಿ, ಟಾಮ್ ಕೈಟ್ ಕೈಯಲ್ಲಿ. ಹಿಂದೆ ನಿಂತವನು ಅದೇ ಪೆಲ್ಜ್. 1981ರಲ್ಲಿ ಕೈಟ್ ಅಮೆರಿಕದ ಟೂರಿನ ಗಳಿಕೆಯಲ್ಲಿ ಮೊದಲಿಗನಾದ. ಆಮೇಲೆ ಫಿಲ್ ಮಿಕಲ್ಸನ್ 64 ಡಿಗ್ರಿಯವರೆಗೂ ಹೋಗಿ, ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಎಸೆದು ಟಿ.ವಿ. ನೋಡುವವರ ತಲೆ ಕೆಡಿಸಿದ. ಅವರೆಲ್ಲ ದಿನವಿಡೀ ಗ್ರೀನ್ ಪಕ್ಕದಲ್ಲೇ ಬೆಳೆದವರು. ಗುಳಿಯನ್ನು ಬಂಕರಿನ ಹಿಂದೆ ನಾಲ್ಕು ಹೆಜ್ಜೆಗೆ ಬಚ್ಚಿಟ್ಟು, ಗ್ರೀನನ್ನು ಗಾಜಿನಷ್ಟು ನುಣ್ಣಗೆ ಕತ್ತರಿಸಿದ ಪಂದ್ಯಗಳಲ್ಲಿ ಅವರ ಅನ್ನ ಇರುವುದು. ನಮ್ಮ ಶನಿವಾರದ ಆಟದಲ್ಲಿ ಗುಳಿ ಎಲ್ಲಿದ್ದರೂ ಗ್ರೀನಿನ ನಡುವಿಗೆ ಚೆಂಡು ಮುಟ್ಟಿಸಿದವನೇ ಗೆದ್ದ.

60ರ ಲೆಕ್ಕ ಕಷ್ಟದ್ದು. ಮುಖ ಅಷ್ಟು ವಾಲಿದ್ದಾಗ ಚೆಂಡಿಗೆ ತಾಗುವ ಜಾಗ ಕಿರಿದಾಗುತ್ತದೆ. ಹುಲ್ಲು ದಟ್ಟವಿದ್ದರೆ ಕ್ಲಬ್ ಚೆಂಡಿನ ಅಡಿಯಲ್ಲೇ ನುಸುಳಿ, ಚೆಂಡು ಎರಡು ಮೊಳ ಮುಂದೆ ಬೀಳುತ್ತದೆ. ನೆಲ ಬೋಳಾಗಿದ್ದರೆ ಅಂಚು ಚೆಂಡಿನ ಹೊಟ್ಟೆಗೆ ಬಡಿದು, ಅದು ಗ್ರೀನ್ ದಾಟಿ ಆಚೆಯ ಪೊದೆಗೆ. ಎತ್ತರಕ್ಕೆ ಹೋಗುವ ಹೊಡೆತಕ್ಕೆ ಜೋರಾಗಿಯೇ ಬೀಸಬೇಕು. ಜೋರಾಗಿ ಬೀಸಿದಾಗಿನ ತಪ್ಪು ಜೋರಾಗಿಯೇ ಇರುತ್ತದೆ. ಮೆಲ್ಲಗೆ ಹೊಡೆದರೆ ಮರಳಿನಲ್ಲೇ ವಾಸ. ಅಷ್ಟಕ್ಕೂ ಪೂರ್ತಿ ಬೀಸಿದರೂ ಸಾಮಾನ್ಯನ 60 ಡಿಗ್ರಿ 70 ಗಜದ ಆಚೀಚೆ ಹೋದೀತು. ಅದೇ ದೂರ 56ರ ಮುಕ್ಕಾಲು ಬೀಸಿನಲ್ಲಿ ಇದೆ.

'ಬಂಕರ್ ದಾಟಿಸಬೇಕಾದಾಗ?' ಎಂದು ಕೇಳುತ್ತಾರೆ. 56ರ ಮುಖವನ್ನು ತುಸು ಬಿಡಿಸಿ ಹಿಡಿಯಿರಿ, ಅದು 60 ಆಗುತ್ತದೆ, ಬೌನ್ಸೂ ಹೆಚ್ಚುತ್ತದೆ. ಬಿಡಿಸಿ ಹಿಡಿಯಲು ಬಾರದವನಿಗೆ 60 ಕೊಟ್ಟರೂ ಬಾರದು. 'ಸ್ಪಿನ್ ಬರುತ್ತದಲ್ಲ, ಚೆಂಡು ಬಿದ್ದಲ್ಲೇ ನಿಲ್ಲುತ್ತದಲ್ಲ?' ಎಂಬುದು ಇನ್ನೊಂದು. ಮುಖದ ಗೀರುಗಳ ಮೇಲಿನ ಭಕ್ತಿ ಇದು. ಆ ಗೀರುಗಳ ಚೂಪಿಗೆ 2010ರಲ್ಲಿ ವೃತ್ತಿಪರರ ಮಟ್ಟದಲ್ಲೇ ಕಡಿವಾಣ ಬಿದ್ದಿದೆ. ಸ್ಪಿನ್ ಹುಟ್ಟುವುದು ಗೀರು ಸ್ವಚ್ಛವಾಗಿದ್ದು, ಚೆಂಡಿಗೂ ಮುಖಕ್ಕೂ ನಡುವೆ ಹುಲ್ಲು ನೀರು ಇರದೆ, ಚೆಂಡಿನ ಹೊದಿಕೆ ಮೆತ್ತಗಿನ ಯುರಿಥೇನ್ ಆಗಿದ್ದಾಗ. ಕಳೆದುಹೋದರೆ ಹೊಟ್ಟೆ ಉರಿಯದ ಅಗ್ಗದ ಗಟ್ಟಿ ಚೆಂಡು ಹಿಡಿದು, ಇಬ್ಬನಿಯ ಹುಲ್ಲಿನ ಮೇಲೆ ಬೆಳಿಗ್ಗೆ ಆರೂವರೆಗೆ ಆಡುವವರಿಗೆ ಆ ಮೂರರಲ್ಲಿ ಒಂದೂ ಇರುವುದಿಲ್ಲ.

ಗ್ರೀನ್ ಅಂಚಿನಿಂದ ಗುಳಿಗೆ ದಾರಿ ಬಿಡುವಾಗಿದ್ದರೆ ವೆಡ್ಜೇ ಯಾಕೆ ಬೇಕು? 8ನೇ ಐರನ್ ಹಿಡಿದು ಪಟ್ಟರಿನಂತೆ ತಳ್ಳಿ. ಚೆಂಡು ಹಾರಿದ್ದರ ಮೂರರಷ್ಟು ಉರುಳುತ್ತದೆ. ನಮ್ಮ ಒಣ ನೆಲಕ್ಕೆ ಹೇಳಿ ಮಾಡಿಸಿದ ಹೊಡೆತ ಇದು. ಹುಲ್ಲಿನ ಬದಲು ಮರಳಿಗೆ ಎಣ್ಣೆ ಬೆರೆಸಿ ತಟ್ಟಿದ ಗ್ರೀನುಗಳ ಹಳೆಯ ಕೋರ್ಸುಗಳಲ್ಲಿ ಆಡಿದ ತಲೆಮಾರಿಗೆ ಇದು ಸಹಜವಾಗಿತ್ತು. ಅಂಥ ನೆಲದ ಮೇಲೆ ಎತ್ತಿ ಹಾಕಿದ ಚೆಂಡು ಪುಟಿದು ಎಲ್ಲಿಗೋ ಹೋಗುತ್ತಿತ್ತು. ಹುಲ್ಲಿನ ಗ್ರೀನ್ ಬಂದವು, ಟಿ.ವಿ. ಬಂತು, ನೆಲದ ಮೇಲಿನ ಆಟ ಬಡವರ ಆಟವೆಂದು ನಾಚಿಕೆ ಬಂತು. ಕ್ಯಾಡಿಗಳನ್ನು ಕೇಳಿ ನೋಡಿ. ಚೀಲ ಹೊತ್ತು ದಣಿದ ಅವರು ತಮಗೆ ಆಡಲು ಬಿಟ್ಟ ದಿನ ಎರಡು ಮೂರು ಕ್ಲಬ್ಬಿನಲ್ಲಿ ಸುತ್ತು ಮುಗಿಸಿ, ಯಜಮಾನರಿಗಿಂತ ಕಡಿಮೆ ಹೊಡೆತಕ್ಕೆ ಮನೆಗೆ ಹೋಗುತ್ತಾರೆ. ಸೆವೆ ಬಲೆಸ್ಟರೋಸ್ ಸ್ಪೇನಿನ ಪೆಡ್ರೇನಾ ಕಡಲ ದಂಡೆಯ ಮೇಲೆ ಒಂದೇ ಒಂದು 3ನೇ ಐರನ್ನಿನಲ್ಲಿ ಎಲ್ಲ ಹೊಡೆತ ಕಲಿತದ್ದು ಗಾಲ್ಫ್ ಬಲ್ಲ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಾಲ್ಕನೆಯದನ್ನು ಕೊಳ್ಳುತ್ತಾರೆ.

ಹೊರಗೆ ಹೋದ ಕ್ಲಬ್ಬಿನ ಮಾತು ಬಾಕಿ ಇದೆ. ನಾಲ್ಕನೇ ವೆಡ್ಜಿಗೆ ಜಾಗ ಮಾಡಲು ಜನ ತೆಗೆದಿಡುವುದು ಸಾಮಾನ್ಯವಾಗಿ ದೂರಕ್ಕೆ ಹೊಡೆಯುವ ಹೈಬ್ರಿಡ್ ಅಥವಾ 5ನೇ ವುಡ್. 380 ಗಜದ ಗುಳಿಯಲ್ಲಿ ಡ್ರೈವರ್ 200 ಗಜ ಹೋದವನಿಗೆ ಇನ್ನೂ 180 ಉಳಿದಿರುತ್ತದೆ. ಅಂಥ ಹೊಡೆತ ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ ಎದುರಾಗುತ್ತದೆ. 60 ಡಿಗ್ರಿ ನಿಜವಾಗಿ ಬೇಕಾಗುವ ಹೊಡೆತ ಒಂದು ಸುತ್ತಿನಲ್ಲಿ ಬಂದರೆ ಬಂತು. ದಿನವೂ ಬೇಕಾದದ್ದನ್ನು ಮನೆಯಲ್ಲಿಟ್ಟು, ಹಬ್ಬಕ್ಕೊಮ್ಮೆ ಬೇಕಾದದ್ದನ್ನು ಹೊತ್ತು ತಿರುಗುವುದಕ್ಕೆ ಆಧುನಿಕ ಎಂದು ಹೆಸರು.

ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲಿ ಐದನೇ ವಯಸ್ಸಿಗೆ ಆಟ ಹಿಡಿದ ಅದಿತಿ ಅಶೋಕ್ ಅವರನ್ನು ನೋಡಿ. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನ ಕಸುಮಿಗಸೆಕಿ ಕೋರ್ಸಿನಲ್ಲಿ, ವಿಶ್ವದ 200ನೇ ಕ್ರಮಾಂಕದ ಹುಡುಗಿ, ಪಾರ್‌ಗಿಂತ 15 ಕಡಿಮೆ ಹೊಡೆತಕ್ಕೆ ಮುಗಿಸಿ ಒಂದೇ ಹೊಡೆತದಿಂದ ಕಂಚು ತಪ್ಪಿಸಿಕೊಂಡರು. ಚೀಲ ಹೊತ್ತದ್ದು ಅವರ ತಾಯಿ. ಕೆಲವೇ ವಾರಗಳ ಹಿಂದೆ ಕೋವಿಡ್‌ನಿಂದ ಎದ್ದಿದ್ದ ಅದಿತಿ ಅಲ್ಲಿ ಅತಿ ಕಡಿಮೆ ದೂರ ಹೊಡೆಯುವವರಲ್ಲಿ ಒಬ್ಬರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಚಿಕ್ಕ ಐರನ್ ತೆಗೆಯುವ ಕಡೆ ಅದಿತಿ ಹೈಬ್ರಿಡ್ ಅಥವಾ ವುಡ್ ತೆಗೆಯುತ್ತಿದ್ದರು, ಅದರಲ್ಲೇ ಗ್ರೀನ್ ಮುಟ್ಟಿಸಿ, ಪಟ್ಟರಿನಿಂದ ಕೆಲಸ ಮುಗಿಸುತ್ತಿದ್ದರು. ಕಡಿಮೆ ದೂರ ಹೊಡೆಯುವವರ ಚೀಲ ಹೇಗಿರಬೇಕು ಎಂದು ಕಲಿಯಲು ನಮಗೆ ಬೇರೆ ದೇಶದ ಗುರು ಬೇಕಾಗಿಲ್ಲ. ಆದರೆ ನಮ್ಮವರು ಕಣ್ಣಿಡುವುದು 300 ಗಜ ಹೊಡೆಯುವವರ ಚೀಲದ ಮೇಲೆ. ಅವರಿಗೆ ಉಳಿಯುವುದೇ 100 ಗಜ, ಅವರಿಗೆ ವೆಡ್ಜ್ ಹೆಚ್ಚು ಬೇಕು. ನಮಗೆ ಉಳಿಯುವುದು 180.

ಹಾಗಾದರೆ ಏನಿಡಬೇಕು? ಸೆಟ್ಟಿನ ಜೊತೆ ಬಂದ ಪಿಚಿಂಗ್ ವೆಡ್ಜ್ ಇರಲಿ. ಅದರ ಲಾಫ್ಟ್ ಎಷ್ಟೆಂದು ಅಳೆಸಿ, ಅದಕ್ಕೆ 6 ಕೂಡಿಸಿದ ಒಂದು ಗ್ಯಾಪ್ ವೆಡ್ಜ್, ಇನ್ನೂ 6 ಕೂಡಿಸಿದ ಒಂದು ಸ್ಯಾಂಡ್ ವೆಡ್ಜ್. ಗ್ಯಾಪಿನ ಬೌನ್ಸ್ ಮಧ್ಯಮವಿರಲಿ. ಸ್ಯಾಂಡಿನದನ್ನು ನಿಮ್ಮ ಕೋರ್ಸಿನ ಮರಳು ನೋಡಿ ಆರಿಸಿ. ಮೆತ್ತಗೆ ಆಳವಾಗಿದ್ದರೆ 12ರ ಮೇಲೆ. ಮಳೆಗೆ ಗಟ್ಟಿಯಾಗಿ ತಳದ ಮಣ್ಣು ಕಾಣುವಷ್ಟು ತೆಳುವಾಗಿದ್ದರೆ 8, ಇಲ್ಲವಾದರೆ ತಳ ಪುಟಿದು ಚೆಂಡಿನ ನೆತ್ತಿಗೆ ಬಡಿಯುತ್ತದೆ. ಉಳಿದ ಜಾಗಕ್ಕೆ ಹೈಬ್ರಿಡ್ ವಾಪಸು ಬರಲಿ.

ಹ್ಯಾಂಡಿಕ್ಯಾಪ್ 5ಕ್ಕಿಂತ ಕಡಿಮೆ ಇರುವವರು, ದಿನಕ್ಕೆರಡು ತಾಸು ಗ್ರೀನ್ ಪಕ್ಕದಲ್ಲಿ ಬೆವರು ಸುರಿಸುವ ಹುಡುಗ ಹುಡುಗಿಯರು 60 ಇಟ್ಟುಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಬಡ್ತಿಯ ಖುಷಿಗೆ ಯಾರಾದರೂ ಉಡುಗೊರೆ ಕೊಟ್ಟು ನಿಮ್ಮ ಮನೆಗೆ ಒಂದು ಬಂದಿದ್ದರೆ ಕಾರಿನ ಡಿಕ್ಕಿಯಲ್ಲೇ ಬಿಡಿ. ಮುಂದಿನ ಕೆಲವು ಸುತ್ತುಗಳಲ್ಲಿ ಅದು ನಿಜವಾಗಿ ಬೇಕೆನಿಸಿದ ಹೊಡೆತಗಳನ್ನೂ, ಹೈಬ್ರಿಡ್ ಬೇಕೆನಿಸಿದ ಹೊಡೆತಗಳನ್ನೂ ಸ್ಕೋರ್ ಕಾರ್ಡಿನ ಹಿಂಬದಿಯಲ್ಲಿ ಗೀಟು ಹಾಕಿಕೊಂಡು ಎಣಿಸಿ. ಆಮೇಲೂ ನಾಲ್ಕು ವೆಡ್ಜ್ ಬೇಕೆನ್ನುವವರು ಆ ಕಾರ್ಡ್ ತೋರಿಸಿಯೇ ವಾದಕ್ಕೆ ಬರಲಿ.